ನೆಲ ದಬ್ಬಿತೋ, ಜಗ್ಗಿತೋ?

ಪತ್ರಿಕೆಯ ಒಳಪುಟದ ಮೂಲೆಯಲ್ಲಿ ನಾಲ್ಕು ಸಾಲಿನ ಸುದ್ದಿ ಇತ್ತು. ನಿವೃತ್ತ ಭೂಕಂಪ ವಿಜ್ಞಾನಿ ತೀರಿಕೊಂಡರು ಎಂದು. ಜೊತೆಗೆ ಅಂಚೆಚೀಟಿಯಷ್ಟು ಒಂದು ಚಿತ್ರ. ಸುದ್ದಿ ಓದುವ ಮೊದಲೇ ಚಿತ್ರ ಗುರುತು ಸಿಕ್ಕಿತು, ಯಾಕೆಂದರೆ ಅದನ್ನು ತೆಗೆದವನು ನಾನು. ಇಳಕಲ್ಲಿನ ನನ್ನ ಫೋಟೋ ಸ್ಟುಡಿಯೋದಲ್ಲಿ, ಎಂಬತ್ತರ ದಶಕ ಆಗಷ್ಟೇ ಶುರುವಾಗಿದ್ದಾಗ. ಚಿತ್ರದಲ್ಲಿ ಅವರು ಕ್ಯಾಮರಾ ನೋಡುತ್ತಿಲ್ಲ. ಕತ್ತು ಒಂದು ಕಡೆಗೆ ವಾಲಿದೆ, ಹುಬ್ಬು ಮೇಲೇರಿದೆ. ನಾನು ಗುಂಡಿ ಒತ್ತುವ ಹೊತ್ತಿಗೆ ಸರಿಯಾಗಿ ಕಲ್ಲಿನ ಖಣಿಯ ಕಡೆಯಿಂದ ಢಮ್ಮೆಂದು ಮದ್ದು ಹಾರಿತ್ತು.

"ಇನ್ನೊಂದು ತೆಗೀತೇನ್ರಿ ಬಾಯಾರ, ಇದು ಕೆಟ್ಟೈತಿ" ಎಂದೆ. ಕಲಿತ ಹೆಂಗಸರಿಗೆ ನಮ್ಮ ಕಡೆ ಬಾಯಾರು ಎನ್ನುತ್ತೇವೆ.

"ಬೇಡ ಬಿಡಿ. ನಾನು ಇರೋದೇ ಹೀಗೆ" ಎಂದು ಎದ್ದು ಹೊರಟೇಬಿಟ್ಟರು. ಮದ್ದು ಹಾರಿದ್ದು ತಮ್ಮ ಯಂತ್ರದಲ್ಲಿ ಹೇಗೆ ಮೂಡಿದೆಯೋ ನೋಡುವ ಅವಸರ ಅವರಿಗೆ.

ಅವರು ಮೊದಲ ಸಲ ನನ್ನ ಅಂಗಡಿಗೆ ಬಂದದ್ದು ಮೂಗಿನ ಮೇಲೆ ಮಸಿ ಹಚ್ಚಿಕೊಂಡು. ಮೂವತ್ತೈದರ ಆಸುಪಾಸಿನ ಹೆಂಗಸು, ಮೈಸೂರು ಕಡೆಯ ಮಾತು, ಕಾಲಲ್ಲಿ ಗಂಡಸರ ಚಪ್ಪಲಿ. ಒಂದು ದೊಡ್ಡ ಹಾಳೆಯನ್ನು ಹಸುಗೂಸಿನಂತೆ ಎರಡೂ ಕೈಯಲ್ಲಿ ಹಿಡಿದಿದ್ದರು. ನಾನು ಕೈ ಚಾಚಿದೆ. "ಮುಟ್ಟಬೇಡಿ! ಉಸಿರೂ ಬಿಡಬೇಡಿ!" ಎಂದು ಕೂಗಿದರು. ನಾನು ಉಸಿರು ಕಟ್ಟಿ ಬಗ್ಗಿ ನೋಡಿದೆ. ಹಾಳೆಯ ತುಂಬ ಕಪ್ಪು ಮಸಿ, ಮಸಿಯ ಮೇಲೆ ಒತ್ತೊತ್ತಾಗಿ ಬಿಳಿಯ ಸಣ್ಣ ಗೀಟುಗಳು, ನಡುನಡುವೆ ಗೀಟು ನಡುಗಿದ ಗುರುತು.

"ಇದೇನ್ರಿ ಇದು, ಸೀರಿ ದಡಿ ಡಿಜೈನೇನ್ರಿ?" ಎಂದೆ. ನಮ್ಮೂರಲ್ಲಿ ಗೀಟು ಕಂಡರೆ ಮೊದಲು ನೆನಪಾಗುವುದು ಸೀರೆಯೇ.

ಅವರು ನಕ್ಕದ್ದು ನೋಡಬೇಕಿತ್ತು. ನಗುತ್ತಲೇ ಹಾಳೆಯ ಮೇಲೆ ಉಸಿರು ಬಿಟ್ಟು, ಒಂದಿಷ್ಟು ಮಸಿ ತಾವೇ ಹಾರಿಸಿಬಿಟ್ಟರು.

ಅವರ ಕಚೇರಿ ಅವರನ್ನು ನಮ್ಮ ಸೀಮೆಗೆ ಕಳಿಸಿದ್ದು ನೆಲದ ಸಣ್ಣಪುಟ್ಟ ನಡುಕಗಳನ್ನು ಅಳೆಯಲಿಕ್ಕೆ. ಒಂದು ಯಂತ್ರ ಇಳಕಲ್ಲಿನ ಹೊರಗೆ ಒಂದು ಕಲ್ಲುಕೋಣೆಯಲ್ಲಿತ್ತು. ಇನ್ನೊಂದು ಬಾದಾಮಿಯಿಂದ ಮಹಾಕೂಟಕ್ಕೆ ಹೋಗುವ ದಾರಿಯಲ್ಲಿ, ಬಂಡೆಯ ಬುಡದ ತಗಡಿನ ಗೂಡಿನಲ್ಲಿ. ಕಾಗದವನ್ನು ಚಿಮಣಿ ದೀಪದ ಹೊಗೆಗೆ ಹಿಡಿದು ಕಪ್ಪು ಮಾಡುವುದು, ತಿರುಗುವ ಉರುಳೆಗೆ ಅದನ್ನು ಸುತ್ತುವುದು. ಒಂದು ಸೂಜಿ ಮಸಿಯನ್ನು ಕೆರೆಯುತ್ತ ದಿನವಿಡೀ ಬಿಳಿ ಗೀಟು ಎಳೆಯುತ್ತದೆ. ನೆಲ ನಡುಗಿದರೆ ಗೀಟೂ ನಡುಗುತ್ತದೆ. ಮರುದಿನ ಕಾಗದವನ್ನು ಬಿಚ್ಚಿ, ಸ್ಪಿರಿಟ್ಟಿನಲ್ಲಿ ಕರಗಿಸಿದ ಅರಗಿನಲ್ಲಿ ಅದ್ದಿ ಒಣಗಿಸಿದರೆ ಮಸಿ ಗಟ್ಟಿಯಾಗುತ್ತದೆ. ಆ ಗೀಟುಗಳಲ್ಲಿ ಕೆಲವನ್ನು ದೊಡ್ಡದಾಗಿ ಮಾಡಿಕೊಡುವವರು ಬೇಕಾಗಿದ್ದರು. ಹಾಗಾಗಿ ನಾನು ಸಿಕ್ಕೆ.

ಅದಕ್ಕೂ ಮೊದಲು ಅವರು ಬೇರೊಂದು ಕೇಂದ್ರದಲ್ಲಿದ್ದರಂತೆ. ಜಗತ್ತಿನ ಯಾವುದೋ ಮೂಲೆಯಲ್ಲಿ ಯಾವುದೋ ದೇಶ ನೆಲದಡಿ ಅಣುಬಾಂಬು ಸಿಡಿಸಿದರೆ ಅದನ್ನು ಇಲ್ಲಿ ಕೂತು ಕೇಳಿಸಿಕೊಳ್ಳುವ ಕೇಂದ್ರ. ಚಹಾ ಕುಡಿಯುತ್ತ ನನಗೆ ಅದನ್ನೆಲ್ಲ ಹೇಳುವಾಗ ಅವರಿಗೆ ಕೂತಲ್ಲಿ ಕೂರಲು ಆಗುತ್ತಿರಲಿಲ್ಲ.

"ನೋಡಿ ಫೋಟೋದವರೇ, ಬಾಂಬು ಸಿಡಿಸಿದವರು 'ನಾವಲ್ಲ, ಅದು ಭೂಕಂಪ' ಅಂದುಬಿಟ್ಟರೆ? ನಾವು ಅಲ್ಲಿಗೆ ಹೋಗಿ ಅಗೆದು ನೋಡೋಕಾಗುತ್ತಾ? ಇಲ್ಲ. ನಮಗೆ ಬರೋದು ಒಂದು ಗೀಟು, ಅಷ್ಟೇ. ಆ ಗೀಟಿನಲ್ಲೇ ಕಂಡುಹಿಡೀಬೇಕು!" ಎನ್ನುತ್ತ ಎರಡು ಮುಷ್ಟಿ ಕೂಡಿಸಿ ಫಟ್ಟೆಂದು ಬಿಚ್ಚಿದರು. "ಮದ್ದು ಸಿಡಿದರೆ ಹೀಗೆ. ಸುತ್ತ ಯಾರೇ ನಿಂತಿರಲಿ, ಎಲ್ಲರನ್ನೂ ತಳ್ಳುತ್ತೆ. ಎಲ್ಲ ಕಡೆಗೂ ಮೊದಲು ಹೋಗೋದು ಒಂದು ತಳ್ಳು." ಆಮೇಲೆ ಎರಡು ಅಂಗೈಗಳನ್ನು ಒಂದಕ್ಕೊಂದು ಒತ್ತಿ ಸರ್ರನೆ ಜಾರಿಸಿದರು. "ಭೂಕಂಪ ಹೀಗೆ. ಒಳಗಿನ ಬಂಡೆ ಜಾರುತ್ತೆ. ಜಾರಿ ಯಾರ ಕಡೆಗೆ ಹೋಯ್ತೋ ಅವರನ್ನ ತಳ್ಳುತ್ತೆ, ಯಾರನ್ನ ಬಿಟ್ಟು ಹೋಯ್ತೋ ಅವರನ್ನ ಎಳೆಯುತ್ತೆ. ತಳ್ಳಿದರೆ ಗೀಟು ಮೊದಲು ಮೇಲಕ್ಕೆ ಹೋಗುತ್ತೆ, ಎಳೆದರೆ ಕೆಳಕ್ಕೆ. ಎಲ್ಲಾದರೂ ಒಂದು ಕಡೆ ಕೆಳಕ್ಕೆ ಹೋಯ್ತು ಅಂದರೆ ಅದು ಮದ್ದಲ್ಲ!"

"ಅಂದ್ರ ದಬ್ಬೂದು, ಜಗ್ಗೂದು" ಎಂದೆ ನಾನು.

"ಏನಂದ್ರಿ?"

"ನಮ್ಮ ಕಡೆ ತಳ್ಳೂದಕ್ಕ ದಬ್ಬೂದು ಅಂತೇವ್ರಿ, ಎಳಿಯೂದಕ್ಕ ಜಗ್ಗೂದು."

ಮರುದಿನದಿಂದ ಊರಿಗೆಲ್ಲ ಅದೇ ಪ್ರಶ್ನೆ. ಖಣಿಯಲ್ಲಿ ಮದ್ದು ಹಾರಿದ ಕೂಡಲೇ ದಾರಿಯಲ್ಲಿ ಹೋಗುವವರನ್ನು ನಿಲ್ಲಿಸಿ, "ಈಗ ನೆಲ ತಳ್ಳಿತಾ, ಎಳೆಯಿತಾ? ಹೇಗನ್ನಿಸಿತು ಹೇಳಿ" ಎಂದು ಕೇಳುತ್ತಿದ್ದರು. ನೇಕಾರರನ್ನು ಕೇಳುವುದೆಂದರೆ ಅವರಿಗೆ ಹೆಚ್ಚು ಖುಷಿ. ಕುಣಿಮಗ್ಗದವರು ಕಾಲನ್ನು ನೆಲದೊಳಗಿನ ಕುಣಿಯಲ್ಲಿ ಇಳಿಬಿಟ್ಟು ನೇಯುವವರಲ್ಲವೇ, ಅವರ ಪಾದಕ್ಕೆ ಎಲ್ಲ ಗೊತ್ತಾಗುತ್ತದೆ ಎಂದು ಬಾಯಾರ ನಂಬಿಕೆ. ಈರಪ್ಪ ಎಂಬ ನೇಕಾರ ಒಮ್ಮೆ, "ಬಾಯಾರ, ನನ್ನ ದಬ್ಬೂದೂ ಜಗ್ಗೂದೂ ಎಲ್ಲಾ ನಮ್ಮ ಮನಿಯಾಕಿರಿ, ನೆಲದ ಸುದ್ದಿ ನನಗ ತಿಳಿಯಾಂಗಿಲ್ಲ" ಎಂದ. ಅವರು ನಕ್ಕು ನಕ್ಕು ಹೊಸ್ತಿಲ ಮೇಲೆ ಕೂತುಬಿಟ್ಟರು. ಊರಲ್ಲಿ ಅವರಿಗೆ ದಬ್ಬು-ಜಗ್ಗು ಬಾಯಾರು ಎಂದೇ ಹೆಸರಾಯಿತು.

ಅವರಿಗೆ ಹಾಳೆಯ ಮೇಲಿನದು ಸಾಲುಸಾಲಾಗಿ ಎಲ್ಲವೂ ಓದಲು ಬರುತ್ತಿತ್ತು. ಇದು ಹಿಟ್ಟಿನ ಗಿರಣಿ, ಇದು ಎತ್ತಿನ ಬಂಡಿ, ಇದು ಬಾಗಿಲ ಹೊರಗೆ ಯಾರೋ ನಿಂತು ಬೀಡಿ ಸೇದಿ ಹೋದದ್ದು. ಬಾದಾಮಿಯ ಹಾಳೆಯಲ್ಲಿ ರೈಲು ಬಂದುಹೋದದ್ದನ್ನೂ ತೋರಿಸುತ್ತಿದ್ದರು. ಆದರೆ ಜೋಳದ ರೊಟ್ಟಿ ಮುರಿಯಲು ಕೊನೆಯವರೆಗೂ ಬರಲಿಲ್ಲ. ರೇಡಿಯೋದಲ್ಲಿ ಸಮಯ ಸೂಚಿಸುವ ಪೀ ಪೀ ಸದ್ದು ಕೇಳಿ ಗಡಿಯಾರ ಸರಿಮಾಡುವ ಹೊತ್ತಿಗೆ ಯಾರು ಮಾತಾಡಿಸಿದರೂ, ಸ್ವತಃ ತಹಶೀಲ್ದಾರರೇ ಆದರೂ, "ಶ್!" ಎನ್ನುತ್ತಿದ್ದರು.

ಇಷ್ಟೇ ಆಗಿದ್ದರೆ ಅವರು ನಮಗೆ ಒಬ್ಬ ವಿಚಿತ್ರ ಹೆಂಗಸಾಗಿ ಉಳಿಯುತ್ತಿದ್ದರು. ಆದರೆ ಒಂದು ಮಧ್ಯಾಹ್ನ ನಾನು ಕತ್ತಲಕೋಣೆಯಲ್ಲಿ ಫೋಟೋ ತೊಳೆಯುತ್ತಿದ್ದಾಗ ಖಣಿಯ ಕಡೆ ಢಮ್ಮೆಂದಿತು. ದಿನದ ಸದ್ದು, ನಾನು ಗಮನ ಕೊಡಲಿಲ್ಲ. ತುಸು ಹೊತ್ತಿನ ನಂತರ ತಟ್ಟೆಯ ನೀರಿನಲ್ಲಿ ತೆರೆ ಎದ್ದಿತು. ಹಲಗೆಯ ಮೇಲಿನ ಬಾಟಲಿಗಳು ಕಿಣಿಕಿಣಿ ಅಂದವು. ಕಾಲ ಕೆಳಗಿನ ನೆಲ ಸರಿದಂತಾಯಿತು. ಹೊರಗೆ ಓಡಿ ಬಂದೆ. ಓಣಿ ತುಂಬ ಧೂಳು. ಈರಪ್ಪನ ಮನೆಯ ಹಿಂದಿನ ಮಣ್ಣಿನ ಗೋಡೆ ಅವನ ಮಗ್ಗದ ಮೇಲೆ ಬಿದ್ದಿತ್ತು. ಮಗ್ಗದ ಮರ ಅಡ್ಡ ಬಂದದ್ದರಿಂದ ಜೀವ ಉಳಿದಿತ್ತು, ಆದರೆ ಬಲಗಾಲು ಮುರಿದಿತ್ತು. ಅವನನ್ನು ಕುಣಿಯಿಂದ ಎತ್ತುವಾಗ ಅವನು ಕೂಗಿದ ಕೂಗು ಈಗಲೂ ಕಿವಿಯಲ್ಲಿದೆ.

ದವಾಖಾನೆಗೆ ಅವನನ್ನು ಸಾಗಿಸಿದ ಮೇಲೆ ಜನ ನೇರ ಖಣಿಗೆ ಓಡಿದರು. ಅಲ್ಲಿ ಮದ್ದು ಹಾರಿಸುತ್ತಿದ್ದವನು ಹಣಮಂತ. ಊರಲ್ಲಿ ಅವನ ಬಗ್ಗೆ ಒಳ್ಳೆಯ ಮಾತಾಡುವವರು ಇರಲಿಲ್ಲ. ಕುಡಿತ, ಜಗಳ, ಹಿಂದೊಮ್ಮೆ ಹೊಡೆದಾಟದಲ್ಲಿ ಒಬ್ಬನ ತಲೆ ಒಡೆದು ಠಾಣೆ ಕಂಡುಬಂದವನು. "ಒಂದ ಸಲ ಹಾರಿಸೇನ್ರೋ! ಅದರಿಂದ ಯಾರ ಮನೀನೂ ಅಳ್ಳಾಡಿಲ್ಲ. ಆಮ್ಯಾಲಿಂದು ನಂದಲ್ಲ!" ಎಂದು ಅವನು ಕೂಗಿದರೂ ಕೇಳುವವರಿಲ್ಲ. ಎರಡನೆಯ ಸಲ ಕದ್ದು ಹೆಚ್ಚಿನ ಮದ್ದು ತುಂಬಿ ಹಾರಿಸಿದ್ದಾನೆ ಎಂದೇ ಎಲ್ಲರ ಮಾತು. ಪೊಲೀಸರು ಬಂದು ಅವನನ್ನು ಜೀಪಿಗೆ ಹಾಕಿಕೊಳ್ಳದಿದ್ದರೆ ಅಲ್ಲೇ ಹೆಣ ಬೀಳುತ್ತಿತ್ತು.

ಅಷ್ಟರಲ್ಲಿ ಬಾಯಾರು ನನ್ನ ಅಂಗಡಿಗೆ ಓಡಿ ಬಂದಿದ್ದರು. "ಕ್ಯಾಮರಾ ತೊಗೊಳ್ಳಿ, ಬೇಗ!"

ಅವರ ಕಲ್ಲುಕೋಣೆಯ ಹಾಳೆಯಲ್ಲಿ ಎರಡು ನಡುಕಗಳಿದ್ದವು. ಮೊದಲನೆಯದು ಸಣ್ಣದು. ಎರಡನೆಯದು ಎಷ್ಟು ದೊಡ್ಡದೆಂದರೆ ಸೂಜಿ ಮೊದಲ ಗೀಟು ಎಳೆದ ಮೇಲೆ ಹುಚ್ಚೆದ್ದು ಕುಣಿದು, ಸುತ್ತಲ ಮಸಿಯನ್ನೆಲ್ಲ ಕೆರೆದುಹಾಕಿತ್ತು. ಓದಲು ಉಳಿದದ್ದು ಆ ಮೊದಲ ಗೀಟು ಮಾತ್ರ. ನಾನು ಫೋಟೋ ತೆಗೆದು, ಅಂಗೈಯಷ್ಟು ದೊಡ್ಡದಾಗಿ ಮುದ್ರಿಸಿ, ಒದ್ದೆ ಇರುವಾಗಲೇ ಅವರ ಕೈಗಿಟ್ಟೆ. ಮೊದಲ ನಡುಕದ ಗೀಟು ಮೇಲಕ್ಕೆ ಹೋಗಿತ್ತು. ಎರಡನೆಯದೂ ಮೇಲಕ್ಕೇ.

"ಎರಡೂ ದಬ್ಬ್ಯಾವು" ಎಂದೆ. "ಅಂದ್ರ ಎರಡೂ ಅವನ..."

"ಅಂದ್ರೆ ನಮಗೆ ಇನ್ನೂ ಏನೂ ಗೊತ್ತಾಗಿಲ್ಲ ಅಂತ" ಎಂದು ಅವರು ತಡೆದರು. ಮುಖ ಬಿಳಿಚಿತ್ತು. "ಭೂಕಂಪವೂ ಒಂದು ಕಡೆಗೆ ತಳ್ಳುತ್ತೆ ಅಲ್ವಾ? ನಾವು ಆ ಕಡೆಯೇ ಇದ್ದಿರಬಹುದು. ಇನ್ನೊಂದು ಕಡೆಯಿಂದ ನೋಡಬೇಕು. ಬಾದಾಮಿ!"

ಅವರು ಠಾಣೆಗೆ ಹೋಗಿ ಫೌಜದಾರರ ಮುಂದೆ ನಿಂತರು. "ಹಣಮಂತ ಅವರು ಎಷ್ಟು ಹೊತ್ತಿಗೆ ಮದ್ದು ಹಾರಿಸಿದರು, ಅದೊಂದು ಕೇಳಿ ಹೇಳಿ" ಎಂದರು. ಹಣಮಂತ ಲಾಕಪ್ಪಿನೊಳಗಿಂದಲೇ ಹೇಳಿದ. ಹೊತ್ತು ಮೊದಲ ನಡುಕಕ್ಕೆ ಸರಿಹೋಯಿತು. ಅವರು ಸರಿ ಎಂದು ತಲೆಯಾಡಿಸಿ ಹೊರಟರು. "ಬಾಯಾರ, ನಾನು ಇವನ್ನ ಕೋರ್ಟಿಗೆ ಕಳಸಾಂವ ಅದೇನಿ. ಅದಕ್ಕೂ ಮದಲ ಏನರ ಇದ್ರ ತರ್ರಿ" ಎಂದರು ಫೌಜದಾರರು.

ಬೆಳಗಿನ ಮೊದಲ ಬಸ್ಸಿಗೆ ಇಬ್ಬರೂ ಹೊರಟೆವು. ಹುನಗುಂದ ದಾಟಿತು. ಅಮೀನಗಡದಲ್ಲಿ ಬಸ್ಸು ನಿಂತಾಗ ಡ್ರೈವರ್ ಕರದಂಟು ಕೊಳ್ಳಲು ಇಳಿದು ಅಂಗಡಿಯವನ ಹತ್ತಿರ ಮಾತಿಗೆ ನಿಂತ. ಬಾಯಾರು ಕಿಟಕಿಯಿಂದ ಅರ್ಧ ಹೊರಗೆ ಬಂದು, "ಡ್ರೈವರ್ರೇ! ಒಬ್ಬರ ಜೀವದ ಪ್ರಶ್ನೆ ರೀ!" ಎಂದು ಕೂಗಿದರು. ಯಾರಿಗೋ ಹೆರಿಗೆ ಬೇನೆ ಎಂದುಕೊಂಡ ಡ್ರೈವರ್ ಗಾಬರಿಯಾಗಿ ಓಡಿಬಂದು ಬಸ್ಸು ಬಿಟ್ಟ. ಗುಳೇದಗುಡ್ಡದಲ್ಲಿ ಅವನು ನಿಲ್ಲಿಸಿದ್ದೂ ನನಗೆ ನೆನಪಿಲ್ಲ.

ಬಾದಾಮಿಯಲ್ಲಿ ಇಳಿದು ಮಹಾಕೂಟದ ದಾರಿ ಹಿಡಿದೆವು. ಅವರು ನಡೆಯುತ್ತಿರಲಿಲ್ಲ, ಓಡುತ್ತಿದ್ದರು. ಆ ಯಂತ್ರದ ಕಾಗದ ಬದಲಿಸುತ್ತಿದ್ದವನು ಪಕ್ಕದ ತೋಟದ ಅಜ್ಜ. ಹಿಂದಿನ ದಿನದ ಹಾಳೆಯನ್ನು ಆಗಲೇ ಅರಗಿನಲ್ಲಿ ಅದ್ದಿ, ಪೇರಲ ಗಿಡಕ್ಕೆ ಕಟ್ಟಿದ ಹಗ್ಗದ ಮೇಲೆ ಒಣಹಾಕಿದ್ದ. ಗಾಳಿಗೆ ಹಾಳೆ ಪಟಪಟ ಅನ್ನುತ್ತಿತ್ತು. ಬಾಯಾರು ಅದನ್ನು ಎರಡೂ ಕೈಯಲ್ಲಿ ಹಿಡಿದು ನಿಲ್ಲಿಸಿ, ಮಸೂರ ಹಚ್ಚಿ, ಒಂದೊಂದೇ ಗೀಟು ನೋಡುತ್ತ ಹೋದರು. ಖಣಿಯ ಸಣ್ಣ ಮದ್ದು ಅಷ್ಟು ದೂರ ಮುಟ್ಟಿರಲಿಲ್ಲ. ಎರಡನೆಯ ನಡುಕ ಮುಟ್ಟಿತ್ತು. ಅವರು ಅಲ್ಲಿ ನಿಂತರು. ಕಣ್ಣು ಒರೆಸಿಕೊಂಡು ಮತ್ತೆ ನೋಡಿದರು.

"ಜಗ್ಗಿದೆ" ಎಂದರು ಮೆಲ್ಲಗೆ. ಆಮೇಲೆ ಬಂಡೆಗಳು ಮರುದನಿ ಕೊಡುವಂತೆ, "ಜಗ್ಗಿದೆ ಕಣ್ರೀ! ಜಗ್ಗಿದೆ!"

ಎಳೆದಿದೆ ಎನ್ನುತ್ತಿದ್ದವರ ಬಾಯಲ್ಲಿ ನಮ್ಮ ಮಾತು ಬಂದದ್ದು ಅದೇ ಮೊದಲು. ನಾನು ಮಸೂರ ಇಸಕೊಂಡು ನೋಡಿದೆ. ಸಮನಾಗಿ ಬರುತ್ತಿದ್ದ ಗೀಟು ಸ್ಪಷ್ಟವಾಗಿ ಕೆಳಕ್ಕೆ ಇಳಿದಿತ್ತು. ಅದರ ನಂತರ ಬಂದ, ನೆಲವನ್ನು ಅಕ್ಕಪಕ್ಕಕ್ಕೆ ಅಲುಗಿಸುವ ಅಡ್ಡ ಅಲೆ ಮೊದಲಿನದಕ್ಕಿಂತ ಎಷ್ಟೋ ದೊಡ್ಡದಾಗಿ ಎದ್ದಿತ್ತು, ಅದೂ ಭೂಕಂಪದ ಲಕ್ಷಣವೇ ಎಂದರು. ಅಜ್ಜನ ಎರಡೂ ಕೈ ಹಿಡಿದು ಗಿಡದ ಸುತ್ತ ಒಂದು ಸುತ್ತು ತಿರುಗಿದರು. "ಏನಾತಬೇ ಯವ್ವಾ, ಮದುವಿ ನಿಕ್ಕಿ ಆತೇನು?" ಎಂದ ಅಜ್ಜ. "ಅದಕ್ಕಿಂತ ಹೆಚ್ಚು, ಅಜ್ಜಾ!" ಎಂದರು ಅವರು.

ಇಳಕಲ್ಲಿಗೆ ಮರಳಿ ಫೌಜದಾರರ ಮೇಜಿನ ಮೇಲೆ ಎರಡೂ ಹಾಳೆಗಳ ಚಿತ್ರ ಇಟ್ಟೆವು. ಫೌಜದಾರರು ದಡ್ಡರಲ್ಲ. ಬಹಳ ಹೊತ್ತು ನೋಡಿ ಕೇಳಿದರು. "ಅಲ್ರಿ ಬಾಯಾರ, ಬಾದಾಮಿ ಮಶೀನಿನ ವಾಯರ್ ಉಲ್ಟಾ ಹಚ್ಚಿದ್ರಂದ್ರ? ದಬ್ಬಿದ್ದು ಜಗ್ಗಿದ್ಹಂಗ ಕಾಣಬಹುದಲ್ಲ?"

ನಾನು ಸಿಟ್ಟಾದೆ. ಬಾಯಾರು ಕುರ್ಚಿಯಿಂದ ಎದ್ದುಬಿಟ್ಟರು. "ಎಂಥಾ ಒಳ್ಳೆ ಪ್ರಶ್ನೆ! ನಾನು ನೋಡಿಯೇ ಜೋಡಿಸಿದೀನಿ. ಆದ್ರೆ ನೀವು ಯಾಕೆ ನನ್ನನ್ನ ನಂಬಬೇಕು? ಪರೀಕ್ಷೆ ಮಾಡಿಬಿಡೋಣ!"

ಪರೀಕ್ಷೆ ಎಂದರೆ, ಅದೇ ಖಣಿಯಲ್ಲಿ ಬಾದಾಮಿಗೂ ಮುಟ್ಟುವಂಥ ದೊಡ್ಡ ಮದ್ದು ಹಾರಿಸುವುದು. ಬಾದಾಮಿಯ ಗೀಟು ಮೇಲಕ್ಕೆ ಹೋದರೆ ಯಂತ್ರ ಸರಿಯಾಗಿದೆ, ಹಣಮಂತ ಬಿಡುಗಡೆ. ಕೆಳಕ್ಕೆ ಹೋದರೆ ಬಾಯಾರ ಮಾತೂ ಹೋಯಿತು, ಅವನೂ ಹೋದ. ಖಣಿಯ ಮಾಲೀಕ ಮೇಲಿನ ಹಾಳುಬಂಡೆಯನ್ನು ಹೇಗೂ ತೆಗೆಯಬೇಕಾಗಿತ್ತು, ಒಪ್ಪಿದ. ಹುನಗುಂದಕ್ಕೆ ಓಡಾಡಿ ತಹಶೀಲ್ದಾರರ ಅಪ್ಪಣೆ ತಂದದ್ದಾಯಿತು, ಅಲ್ಲಿಯವರೆಗೆ ಫೌಜದಾರರು ಹಣಮಂತನನ್ನು ಕೋರ್ಟಿಗೆ ಕಳಿಸುವುದನ್ನು ತಡೆದಿಟ್ಟರು. ಮದ್ದು ತುಂಬುವವರು ಯಾರು? ಅಷ್ಟು ದೊಡ್ಡದನ್ನು ತುಂಬಲು ಬರುತ್ತಿದ್ದವನು ಒಬ್ಬನೇ. ಎರಡು ಬದಿಗೆ ಪೊಲೀಸರನ್ನು ನಿಲ್ಲಿಸಿ ಹಣಮಂತನ ಕೈಯಿಂದಲೇ ಮಾಡಿಸಬೇಕಾಯಿತು.

"ಬಾದಾಮಿಗೆ ನೀವಿಬ್ಬರು ಹೋಗಿ" ಎಂದರು ಬಾಯಾರು ನನಗೂ ಫೌಜದಾರರಿಗೂ. "ನಾನು ಇಲ್ಲೇ ಜನರ ಕಣ್ಣೆದುರಿಗೆ ಇರ್ತೀನಿ. ನಾನು ಆ ಯಂತ್ರದ ಹತ್ತಿರ ಹೋದರೆ ಏನೋ ಮಾಡಿದೆ ಅಂತಾರೆ."

ಗೊತ್ತುಮಾಡಿದ ಹೊತ್ತಿಗೆ ನಾವಿಬ್ಬರೂ ಆ ತಗಡಿನ ಗೂಡಿನಲ್ಲಿ ಮೊಣಕಾಲೂರಿ ಕೂತಿದ್ದೆವು. ಉರುಳೆ ಮೆಲ್ಲಗೆ ತಿರುಗುತ್ತಿತ್ತು. ಸೂಜಿ ನೆಟ್ಟಗೆ ಗೀಟು ಎಳೆಯುತ್ತಿತ್ತು. ಫೌಜದಾರರು ಟೊಪ್ಪಿಗೆ ತೆಗೆದಿದ್ದರು, ಬೋಳುತಲೆಯ ಮೇಲೆ ಬೆವರು. ಗಡಿಯಾರದ ಮುಳ್ಳು ಗುರುತಿಗೆ ಬಂತು. ಏನೂ ಆಗಲಿಲ್ಲ. "ಹಾರ್ಲಿಲ್ಲಲೇ" ಎಂದರು. ಅವರ ಬಾಯಿ ಮುಚ್ಚುವುದರೊಳಗೆ ಸೂಜಿ ಝುಗ್ಗೆಂದು ಅಲುಗಿತು. ಅವರು ನನ್ನ ಭುಜ ಹಿಡಿದ ಹಿಡಿತಕ್ಕೆ ನಾನು ಹಾ ಎಂದೆ. ಸೂಜಿ ತಣ್ಣಗಾಗುವವರೆಗೆ ಕಾದು, ಉರುಳೆ ನಿಲ್ಲಿಸಿ, ಅವರು ಮಸೂರ ಹಿಡಿದರು. ನಾನು ಅವರ ಮುಖ ನೋಡುತ್ತಿದ್ದೆ.

"ಮ್ಯಾಲಕ್ಕ ಹೋಗೇತಿ" ಎಂದರು ಫೌಜದಾರರು. "ದಬ್ಬೇತೋ! ಖರೇನ ದಬ್ಬೇತಿ!" ಪೊಲೀಸು ಅಧಿಕಾರಿಯೊಬ್ಬ ಹಾಗೆ ಚಪ್ಪಾಳೆ ಹೊಡೆದದ್ದನ್ನು ನಾನು ಮತ್ತೆ ಕಂಡಿಲ್ಲ.

ಜೀಪು ಖಣಿ ಮುಟ್ಟಿದಾಗ ಊರೇ ಅಲ್ಲಿತ್ತು. ಬಾಯಾರು ಒಂದು ಬಂಡೆಯ ಮೇಲೆ ಕೂತಿದ್ದರು, ಜೀಪು ಕಂಡು ನಿಂತರು. ಫೌಜದಾರರು ಜೀಪಿನಿಂದ ಇಳಿಯುತ್ತಲೇ ಅಂಗೈಯನ್ನು ಆಕಾಶದ ಕಡೆಗೆ ಎತ್ತಿದರು. ಅಷ್ಟು ದಿನ ದಬ್ಬು-ಜಗ್ಗು ಕೇಳಿ ಕೇಳಿ ಬೇಸತ್ತಿದ್ದ ಊರಿಗೆ ಮತ್ತೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಗುಂಪಿನಲ್ಲಿ ಗದ್ದಲವೆದ್ದಿತು. ಹಣಮಂತ ನಿಂತಲ್ಲೇ ಕುಸಿದು ಕೂತು, ಮುಖ ಮುಚ್ಚಿಕೊಂಡು ಅತ್ತ.

ಖಣಿಯ ಮಾಲೀಕ ನಗುತ್ತ ಬಾಯಾರ ಹತ್ತಿರ ಬಂದ. "ಭಾಳ ಉಪಕಾರ ಆತ್ರಿ. ಇನ್ನ ನಮ್ಮ ಮದ್ದಿನಿಂದ ಏನೂ ಆಗಾಂಗಿಲ್ಲಂತ ಬರದು ಕೊಟ್ಟಬಿಡ್ರಿ."

"ಹಾಗೆ ಹೇಗೆ ಬರೆಯಲಿ?" ಎಂದರು ಬಾಯಾರು, ಎಲ್ಲರಿಗೂ ಕೇಳುವಂತೆ. "ಗೋಡೆ ಬೀಳಿಸಿದ್ದು ಭೂಮಿ. ಆದರೆ ಖಣಿಯ ಪಕ್ಕದ ಮನೆಗಳ ಬಿರುಕು ನಿಮ್ಮದೇ. ಅದೂ ನನ್ನ ಹಾಳೆಯಲ್ಲಿದೆ, ದಿನಾಲೂ ಇದೆ." ಅವನ ನಗು ನಿಂತಿತು. ಮುಂದೆ ತಹಶೀಲ್ದಾರರು ಮನೆಗಳ ಬದಿಯಲ್ಲಿ ಮದ್ದು ಹಾರಿಸುವುದನ್ನು ನಿಲ್ಲಿಸಿದರು.

ಅಂದು ಸಂಜೆ ಅವರು ಗೆದ್ದ ಖುಷಿಯಲ್ಲೇ ಈರಪ್ಪನ ಮನೆಗೆ ಹೋದರು, ನಾನೂ ಜೊತೆಗಿದ್ದೆ. ಕಾಲಿಗೆ ಪಟ್ಟಿ ಕಟ್ಟಿಕೊಂಡು ಹೊರಸಿನ ಮೇಲೆ ಮಲಗಿದ್ದ ಈರಪ್ಪ ಎಲ್ಲ ಕೇಳಿಸಿಕೊಂಡ. ಆಮೇಲೆ ಹೇಳಿದ.

"ನಿನ್ನಿತನಾ ಹಣಮ್ಯಾನ್ನ ಬೈಕೋಂತ ಮಲಗಿದ್ನಿರಿ. ನೋವು ಸಲ್ಪ ಕಡಿಮಿ ಆಕ್ಕಿತ್ತು. ಇನ್ನ ಯಾರನ್ನ ಬೈಲಿ, ಬಾಯಾರ? ಭೂಮ್ತಾಯಿನ್ನ ಬೈಯಾಕ ಬರತೈತೇನು?"

ಬಾಯಾರು ಅವನ ಹೊರಸಿನ ಪಕ್ಕ ನೆಲದ ಮೇಲೆ ಕೂತರು. ಮರುದಿನವೂ ಹೋಗಿ ಕೂತರು. ಮೂರನೆಯ ಸಲ ಹೋದಾಗ ಹಿತ್ತಿಲಲ್ಲಿ ಕಲ್ಲು ಕೆತ್ತುವ ಸದ್ದು. ಯಾರೂ ಕರೆಯದೆ ಹಣಮಂತ ಬಂದು, ಬಿದ್ದ ಮಣ್ಣಿನ ಗೋಡೆಯ ಜಾಗಕ್ಕೆ ಕೆಂಪುಕಲ್ಲಿನ ಗೋಡೆ ಏರಿಸುತ್ತಿದ್ದ. ಈರಪ್ಪ ಹೊರಸಿನಿಂದಲೇ ಕೂಗುತ್ತಿದ್ದ. "ಲೇ ಹಣಮ್ಯಾ, ಸೊಟ್ಟ ಆಗೇತಿ ನೋಡಲೇ!" "ನಿನ್ನ ಕಣ್ಣ ಸೊಟ್ಟಲೇ, ಸುಮ್ಮ ಮಲಗು!" ಈರಪ್ಪನಿಗೆ ಬೈಯಲು ಮನುಷ್ಯ ಮತ್ತೆ ಸಿಕ್ಕಿದ್ದ. ಬಾಯಾರು ಬಾಗಿಲಲ್ಲೇ ನಿಂತು ಕೇಳಿಸಿಕೊಂಡು, ಒಳಗೆ ಹೋಗದೆ ನನ್ನ ಕಡೆ ತಿರುಗಿ, "ಬನ್ನಿ, ಇಲ್ಲಿ ನಮ್ಮ ಕೆಲಸ ಇಲ್ಲ" ಎಂದರು. ಕಣ್ಣು ಹೊಳೆಯುತ್ತಿತ್ತು.

ಈರಪ್ಪನ ಕಾಲು ಕೂಡಿತು, ತುಸು ಕುಂಟು ಉಳಿಯಿತು. ಮತ್ತೆ ಮಗ್ಗಕ್ಕೆ ಇಳಿದ. ಬಾಯಾರಿಗೆ ವರ್ಗವಾಯಿತು. ಹೋಗುವ ದಿನ ಬಾಗಲಕೋಟೆಯ ಬಸ್ಸು ಹತ್ತಿಸಲು ಹೋಗಿದ್ದೆ. ಅವರು ಬೀಳ್ಕೊಡುವ ಮಾತು ಬಿಟ್ಟು, ಬಸ್ಸಿನ ಇಂಜಿನ್ನು ನೆಲವನ್ನು ಹೇಗೆ ನಡುಗಿಸುತ್ತಿದೆ ನೋಡಿ ಎಂದು ತೋರಿಸುತ್ತಲೇ ಹೋದರು. ಮತ್ತೆ ಭೇಟಿಯಾಗಲಿಲ್ಲ.

ಪತ್ರಿಕೆ ಹಿಡಿದುಕೊಂಡು ನಾನು ಹಣಮಂತನ ಮನೆಗೆ ಹೋದೆ. ಅವನೂ ಮುದುಕನಾಗಿದ್ದಾನೆ, ಕಿವಿ ಮಂದ. ಸುದ್ದಿ ಕೂಗಿ ಹೇಳಬೇಕಾಯಿತು. ಪತ್ರಿಕೆ ಇಸಕೊಂಡು ಚಿತ್ರವನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದ.

"ಒಂದು ಮಾತು ಹೇಳ್ತೇನಿ ಕೇಳ್ರಿ" ಎಂದ ಆಮೇಲೆ. "ಆವತ್ತ ನನ್ನ ಬಗ್ಗೆ ಎಲ್ಲಾರೂ ಎಲ್ಲಾರನ್ನ ಕೇಳಿದ್ರು. ಇಂವ ಎಂಥಾಂವ, ಕುಡಿತಾನೇನು, ಹಿಂದ ಏನೇನ ಮಾಡ್ಯಾನು. ಕೇಳಿದವ್ರೆಲ್ಲಾ ಇಂವನ ಮಾಡಿರಬೇಕ ಅಂದ್ರು. ಅವ್ರ ತಪ್ಪಿಲ್ರಿ, ನಾ ಹಂಗ ಇದ್ನಿ. ಆ ಬಾಯಾರು ಒಬ್ಬರು, ಎಷ್ಟ ಹೊತ್ತಿಗೆ ಮದ್ದ ಹಾರ್ಸಿದಿ ಅಂತ ಅಷ್ಟ ಕೇಳಿದ್ರು. ನಾ ಒಳ್ಳೆಂವೋ ಕೆಟ್ಟಂವೋ ಅಂತ ಕಡೀತನಕ ಕೇಳಲಿಲ್ಲ. ಕೇಳಿದ್ದರ ನಾ ಉಳೀತಿದ್ದಿಲ್ರಿ."